ಹಿಗ್ಗಿದ ಟೇಪು

ಆತನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದೀಗ ಬ್ಯಾಂಕಿನ ಪುಸ್ತಕದಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಆತ ಟೇಪಣ್ಣ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅಳತೆಯ ಟೇಪು ಕುತ್ತಿಗೆಗೆ ಬಿದ್ದರೆ ಅದು ಇಳಿಯುವುದು ಮಲಗುವಾಗಲೇ. ಮದುವೆಯ ಫೋಟೋದಲ್ಲೂ ಕೋಟಿನ ಕಾಲರಿನ ಕೆಳಗಿಂದ ಹಳದಿ ಟೇಪಿನ ತುದಿ ಇಣುಕುತ್ತಿದೆ. ಹೆಂಡತಿ ಆ ಫೋಟೋವನ್ನು ಬಂದವರಿಗೆಲ್ಲ ತೋರಿಸಿ, "ನೋಡಿ, ನನಗಿಂತ ಮೊದಲು ಇವಳನ್ನ ಕಟ್ಕೊಂಡಿದ್ರು" ಎಂದು ನಗುತ್ತಾಳೆ.

ಅಂಗಡಿ ಎಂದರೆ ಓಣಿಯಂಥ ಉದ್ದನೆಯ ಒಂದು ಕೋಣೆ. ಎರಡು ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ಆಳುದ್ದದ ಕನ್ನಡಿ, ಬಟ್ಟೆ ಕತ್ತರಿಸುವ ಮೇಜು. ಮೇಜಿನ ಅಂಚಿಗೆ ಮೊಳೆ ಹೊಡೆದು ಕೂರಿಸಿದ ಉಕ್ಕಿನ ಸ್ಕೇಲು. ಎದುರು ಬೀದಿಯ ಶಾಲೆಯ ಸಮವಸ್ತ್ರವೆಲ್ಲ ಇಲ್ಲಿಯೇ ಹೊಲಿಯುವುದು. ವರ್ಷಕ್ಕೆರಡು ಸಲ, ಶಾಲೆ ಶುರುವಾಗುವ ಮುಂಚೆ ಒಮ್ಮೆ, ನಡುವಿನ ರಜೆಯಲ್ಲಿ ಒಮ್ಮೆ, ಮಕ್ಕಳು ಸಾಲುಗಟ್ಟಿ ಬರುತ್ತಾರೆ. ಟೇಪಣ್ಣ ಎದೆ, ಸೊಂಟ, ಉದ್ದ ಅಳೆದು ಕಿವಿಯ ಸಂದಿಯ ಪೆನ್ಸಿಲ್ ತೆಗೆದು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಹೆಂಡತಿ ಒಳಗೆ ಕೂತು ಗುಂಡಿ ಹಚ್ಚುತ್ತಾಳೆ, ಅಂಚು ಮಡಚುತ್ತಾಳೆ, ನಡುನಡುವೆ ಗಂಡನ ತಲೆ ತಿನ್ನುತ್ತಾಳೆ.

ಹೆಸರು ನೆನಪಿಟ್ಟುಕೊಳ್ಳುವುದರಲ್ಲಿ ಟೇಪಣ್ಣ ಶುದ್ಧ ದಡ್ಡ. ಅದಕ್ಕೇ ಅಳತೆ ಪುಸ್ತಕದಲ್ಲಿ ಹೆಸರುಗಳಿಲ್ಲ, ಆತನೇ ಇಟ್ಟ ಅಡ್ಡಹೆಸರುಗಳಿವೆ. 'ಹಲ್ಲಿಲ್ಲದ ನಗು', 'ಪ್ರಶ್ನೆ ಪೆಟ್ಟಿಗೆ', 'ಅಜ್ಜಿ ಕೈ ಬಿಡದವನು', 'ಕಚಗುಳಿ'. ಕಚಗುಳಿ ಎಂಬಾಕೆ ಸೊಂಟಕ್ಕೆ ಟೇಪು ತಾಗಿದರೆ ಸಾಕು, ನೆಲಕ್ಕೆ ಬಿದ್ದು ನಗುತ್ತಿದ್ದಳಂತೆ. ಆಕೆಯ ಅಳತೆಯೆಲ್ಲ ಅಂದಾಜಿನದ್ದೇ. ಇಪ್ಪತ್ತೆರಡು ವರ್ಷದ ಅಂಥ ಪುಸ್ತಕಗಳು ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದೇ ಒಂದು ಮಗುವಿನ ಪುಟದ ಮೇಲೆ ಗೇಲಿಯ ಹೆಸರಿಲ್ಲ. ಅಲ್ಲಿ 'ಬಂಗಾರ' ಎಂದಿದೆ. ಅದು ಆತನ ಮಗಳದು.

ಮಗಳು ಒಬ್ಬಳೇ. ಅವಳಿಗೆ ಹದಿಮೂರು ವರ್ಷವಿದ್ದಾಗ, ಶಾಲೆ ಶುರುವಾಗುವ ಮುಂಚೆ, ಸೊಂಟ ಇಪ್ಪತ್ತನಾಲ್ಕು ಇಂಚು ಎಂದು ಬರೆದುಕೊಂಡ. ನಡುವಿನ ರಜೆಯಲ್ಲಿ ಅಳೆದರೆ ಇಪ್ಪತ್ತಮೂರು. ಟೇಪಣ್ಣ ಟೇಪನ್ನೇ ದುರುಗುಟ್ಟಿಕೊಂಡು ನೋಡಿದ.

ಇಲ್ಲಿ ದರ್ಜಿಗಳ ಒಂದು ಸಂಗತಿ ಹೇಳಬೇಕು. ಬಟ್ಟೆಯ ಟೇಪು ಎಳೆದೆಳೆದು ಹಿಗ್ಗುತ್ತದೆ. ಹಿಗ್ಗಿದ ಟೇಪು ಸುತ್ತಳತೆಯನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಅಳತೆ ಕಡಿಮೆ ಬಂದರೆ ದರ್ಜಿಯ ಮೊದಲ ಅನುಮಾನ ಗಿರಾಕಿಯ ಮೇಲೆ ಹೋಗುವುದಿಲ್ಲ, ಟೇಪಿನ ಮೇಲೆ ಹೋಗುತ್ತದೆ. "ಟೇಪು ಹಿಗ್ಗಿದೆ" ಎಂದು ಟೇಪಣ್ಣ ಹಳೆಯದನ್ನು ಕಸದ ಬುಟ್ಟಿಗೆ ಎಸೆದ. ಹೊಸದನ್ನು ತಂದ. ಮಗಳನ್ನು ಮತ್ತೊಮ್ಮೆ ಅಳೆದನೇ? ಇಲ್ಲ. ತನಗೆ ಗೊತ್ತಿರುವ ಸೊಂಟವೇ ಎಂದುಕೊಂಡು ಇಪ್ಪತ್ತಮೂರರ ಪಕ್ಕಕ್ಕೆ 'ಟೇಪು' ಎಂದು ಬರೆದು, ಒಂದು ಇಂಚು ಸೇರಿಸಿ ಲಂಗ ಹೊಲಿದ. ಲಂಗ ಸಡಿಲವಾಯಿತು. ಹೆಂಡತಿ ಒಂದು ಕೊಕ್ಕೆ ಹಾಕಿ ಬಿಗಿ ಮಾಡಿದಳು.

ಮುಂದಿನ ವರ್ಷ ಶಾಲೆ ಶುರುವಾಗುವಾಗ ಮತ್ತೆ ಅಳೆದರೆ ಇಪ್ಪತ್ತೊಂದೂವರೆ. ಲಂಗದ ಉದ್ದ ವರ್ಷದಿಂದ ಕೂದಲೆಳೆಯಷ್ಟೂ ಹೆಚ್ಚಿಲ್ಲ. ಅವಳ ಓರಗೆಯ ಹುಡುಗಿಯರೆಲ್ಲ ಒಂದೂವರೆ ಇಂಚು, ಎರಡು ಇಂಚು ಎತ್ತರವಾಗಿದ್ದರು. "ಥೂ, ಈಗಿನ ಟೇಪುಗಳಿಗೆ ಆಯುಷ್ಯವೇ ಇಲ್ಲ. ಆರು ತಿಂಗಳಿಗೇ ಹಿಗ್ಗುತ್ತವೆ" ಎಂದು ಟೇಪಣ್ಣ ಕಂಪನಿಯವರಿಗೆ ಮನಸಾರೆ ಬೈದ. ಪುಸ್ತಕದಲ್ಲಿ ಮತ್ತೆ 'ಟೇಪು' ಎಂದು ಬರೆದ.

ಅಲ್ಲ ಸ್ವಾಮಿ, ಒಂದು ಸೊಂಟದಿಂದ ಎರಡೂವರೆ ಇಂಚು ಮಾಯವಾಗಬೇಕಾದರೆ ಟೇಪು ರಬ್ಬರಿನ ಹಾಗೆ ಹಿಗ್ಗಬೇಕು! ಇದು ಟೇಪಣ್ಣನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಉಕ್ಕಿನ ಸ್ಕೇಲು ಕೈಯಳತೆಯಲ್ಲೇ ಇತ್ತು. ಟೇಪನ್ನು ಅದರ ಪಕ್ಕಕ್ಕೆ ಹಿಡಿದಿದ್ದರೆ ಅರೆಗಳಿಗೆಯಲ್ಲಿ ನಿಜ ಗೊತ್ತಾಗುತ್ತಿತ್ತು. ಹಿಡಿಯಲಿಲ್ಲ. ಬೇರೆ ಯಾರ ಮಗುವಾಗಿದ್ದರೂ ಹಿಡಿಯುತ್ತಿದ್ದನೇನೋ. ತನ್ನ ಕರುಳ ಕುಡಿ ಸವೆಯುತ್ತಿದೆ ಎಂದು ಒಪ್ಪುವುದಕ್ಕಿಂತ ಟೇಪು ಸವೆದಿದೆ ಎನ್ನುವುದು ಸಲೀಸಾಗಿತ್ತು.

ಆ ಹೊತ್ತಿಗೆ ಹುಡುಗಿ ಶಾಲೆಯಿಂದ ಬಂದವಳೇ ಮುದುಡಿ ಮಲಗುತ್ತಿದ್ದಳು. ಊಟಕ್ಕೆ ಕೂತರೆ ನಾಲ್ಕು ತುತ್ತಿಗೇ ಎದ್ದು ಹೋಗುತ್ತಿದ್ದಳು. ಪರೀಕ್ಷೆಯ ಭಯ ಎಂದರು ಒಬ್ಬರು. ಜಂತುಹುಳು ಎಂದು ಮಾತ್ರೆ ಕೊಟ್ಟರು ಇನ್ನೊಬ್ಬರು. "ಹೆಣ್ಮಕ್ಕಳು ಈ ವಯಸ್ಸಲ್ಲಿ ಹೀಗೇ, ತೆಳ್ಳಗಿರ್ಬೇಕು ಅಂತ ಉಪವಾಸ ಬೀಳ್ತಾವೆ" ಎಂದು ಪಕ್ಕದ ಮನೆಯಾಕೆ ಮೂಗು ಮುರಿದಳು. ಒಂದು ದಿನ ಹುಡುಗಿ ತರಗತಿಯಲ್ಲೇ ಕುಸಿದು ಬಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಕ್ಯಾಮೆರಾ ಇಳಿಸಿ ನೋಡಿದಾಗ ರೋಗಕ್ಕೊಂದು ಹೆಸರು ಸಿಕ್ಕಿತು: ಕರುಳಿನ ಉರಿಯೂತ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕರುಳನ್ನು ಹುಣ್ಣು ಮಾಡುವ ಕಾಯಿಲೆ. ಹತೋಟಿಯಲ್ಲಿಡಬಹುದು, ಬೇರು ಸಮೇತ ಕೀಳುವ ಔಷಧಿ ಇನ್ನೂ ಯಾರಿಗೂ ಸಿಕ್ಕಿಲ್ಲ. ಅಷ್ಟರಲ್ಲಿ ಕರುಳಿನ ಒಂದು ಭಾಗ ಮತ್ತೆ ಮತ್ತೆ ಹುಣ್ಣಾಗಿ, ಮಾಯ್ದು, ಉಂಡದ್ದು ಸಾಗದಷ್ಟು ಸಣ್ಣ ಕೊಳವೆಯಂತಾಗಿತ್ತು. ಅದನ್ನು ಕತ್ತರಿಸಿ ತೆಗೆಯಬೇಕಾಯಿತು.

"ಒಂದು ವರ್ಷ ಮೊದಲೇ ಕರ್ಕೊಂಡು ಬಂದಿದ್ರೆ ಬರೀ ಔಷಧಿಯಲ್ಲೇ ಆಗ್ತಿತ್ತೇನೋ" ಎಂದರು ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು. ಬೈಯುವುದಕ್ಕೆ ಹೇಳಿದ್ದಲ್ಲ, ಮಾತಿಗೆ ಬಂತು, ಹೇಳಿದರು.

ಟೇಪಣ್ಣ ಆಸ್ಪತ್ರೆಯಿಂದ ನೇರ ಅಂಗಡಿಗೆ ಹೋದ. ಕುತ್ತಿಗೆಯ ಟೇಪನ್ನು ತೆಗೆದು ಉಕ್ಕಿನ ಸ್ಕೇಲಿನ ಪಕ್ಕಕ್ಕೆ ಹಿಡಿದ. ಗೆರೆಗೆ ಗೆರೆ ಕೂಡಿತು. ಒಂದು ನೂಲಿನಷ್ಟೂ ಹಿಗ್ಗಿರಲಿಲ್ಲ. ಮಗಳ ಆ ಮೂರು ಅಳತೆಗಳಿದ್ದ ಪುಸ್ತಕವನ್ನು ಕಪಾಟಿನಿಂದ ಎಳೆದು, ಕಾಗದದಲ್ಲಿ ಸುತ್ತಿ, ತುಂಡುಬಟ್ಟೆಯ ಪೆಟ್ಟಿಗೆಯ ತಳಕ್ಕೆ ತುರುಕಿದ. ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಇಲ್ಲ, ಮಗಳಿಗಂತೂ ಸುತರಾಂ ಇಲ್ಲ. ಎಂಟು ವರ್ಷ ಆ ಗುಟ್ಟು ಪೆಟ್ಟಿಗೆಯ ತಳದಲ್ಲೇ ಇತ್ತು.

ಮಗಳೇನೋ ಗಟ್ಟಿಗಿತ್ತಿ. ಎಂಟೆಂಟು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಕೂತು ಔಷಧಿ ಏರಿಸಿಕೊಂಡು ಬರುತ್ತಾಳೆ, ಬರುವಾಗ ನರ್ಸುಗಳನ್ನೆಲ್ಲ ನಗಿಸಿ ಬರುತ್ತಾಳೆ. ಓದು ಎರಡು ವರ್ಷ ಹಿಂದೆ ಬಿತ್ತು, ಆದರೂ ಮುಗಿಸಿದಳು. ಈಗ ಇಪ್ಪತ್ತೆರಡು. ಇದೇ ಕಾಯಿಲೆಯವರು, ಅವರ ಮನೆಯವರು ಸೇರಿ ಕಟ್ಟಿಕೊಂಡ 'ಕರುಳಬಳ್ಳಿ ಬಳಗ'ದ ಕಚೇರಿಯಲ್ಲಿ ಕೆಲಸ. ಕಚೇರಿ ಎಂದರೆ ಒಂದು ಮೇಜು, ಒಂದು ಫೋನು ಮತ್ತು ಇವಳು. ಹೊಸದಾಗಿ ಕಾಯಿಲೆ ಗೊತ್ತಾದವರು ಫೋನಿನಲ್ಲಿ ಅಳುತ್ತಾರೆ, ಇವಳು ಅವರು ಮೂಗೊರೆಸಿಕೊಳ್ಳುವವರೆಗೆ ಕಾಯ್ದು ಆಮೇಲೆ ಮಾತಾಡುತ್ತಾಳೆ.

ಬಳಗದ ಸಭೆ ತಿಂಗಳ ಮೊದಲ ಭಾನುವಾರ, ಒಂದು ಪುಸ್ತಕದಂಗಡಿಯ ಮಹಡಿಯ ಮೇಲೆ. ಆ ಜಾಗ ಹುಡುಕಿದ್ದೇ ಒಂದು ಕಥೆ. ಬೇರೆಯವರು ಸಭೆಗೆ ಜಾಗ ನೋಡುವಾಗ ಕುರ್ಚಿ ಎಷ್ಟು, ಫ್ಯಾನು ಎಷ್ಟು ಎಂದು ಕೇಳುತ್ತಾರೆ. ಇವರು ಕೇಳುವುದು ಶೌಚಾಲಯ ಎಷ್ಟು ಎಂದು. ಮಹಡಿಯ ಮೇಲೆ ನಾಲ್ಕಿದ್ದವು, ಎಲ್ಲಕ್ಕೂ ಚಿಲಕ ಸರಿಯಾಗಿತ್ತು, ಮಾತು ಅಲ್ಲಿಗೇ ಮುಗಿಯಿತು. ಸಭೆಯ ನಡುವೆ ಯಾರಾದರೂ ದಡಬಡಿಸಿ ಎದ್ದು ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಹೋದವರು ಬರುವವರೆಗೆ ಅವರ ಚಹಾದ ಲೋಟದ ಮೇಲೆ ಪಕ್ಕದವರು ತಟ್ಟೆ ಮುಚ್ಚಿಡುತ್ತಾರೆ.

ಬಳಗ ವರ್ಷವಿಡೀ ನಿಧಿ ಕೂಡಿಸುತ್ತದೆ. ಒಬ್ಬರು ಹಾಡುತ್ತಾರೆ, ಒಬ್ಬರು ಓಟ ಏರ್ಪಡಿಸುತ್ತಾರೆ. ಟೇಪಣ್ಣನೂ ಹೆಂಡತಿಯೂ ಸಮವಸ್ತ್ರದ ತುಂಡುಬಟ್ಟೆಯಲ್ಲಿ ಚೀಲ ಹೊಲಿದು ಕೊಡುತ್ತಾರೆ. ಊರಿನಲ್ಲಿ ಈಗ ತರಕಾರಿಗೆ ಹೋಗುವ ಅರ್ಧ ಜನರ ಕೈಯಲ್ಲಿ ಶಾಲೆಯ ನೀಲಿಗೆರೆಯ ಚೀಲವೇ. ಕೂಡಿದ ಹಣ ಪ್ರತಿ ವರ್ಷ ಈ ಕಾಯಿಲೆಯ ಬಗೆಗಿನ ಒಂದು ಸಂಶೋಧನೆಗೆ ಹೋಗುತ್ತದೆ. ಯಾವುದಕ್ಕೆ ಎಂದು ಬಳಗದವರೇ ಕೈಯೆತ್ತಿ ತೀರ್ಮಾನಿಸುತ್ತಾರೆ. ಇಷ್ಟು ವರ್ಷ ಟೇಪಣ್ಣ ಎಲ್ಲರೂ ಕೈಯೆತ್ತಿದಾಗ ತಾನೂ ಎತ್ತಿ, ಎಲ್ಲರೂ ಇಳಿಸಿದಾಗ ತಾನೂ ಇಳಿಸಿದವನೇ.

ಈ ಸಲ ಎರಡು ಅರ್ಜಿ ಬಂದವು. ಒಂದು ದೊಡ್ಡಾಸ್ಪತ್ರೆಯದು. ಕರುಳಿನ ಒಳಗೋಡೆಯನ್ನು ಹತ್ತಾರು ಪಟ್ಟು ಹಿಗ್ಗಿಸಿ ತೋರಿಸುವ ಯಂತ್ರ ಕೊಳ್ಳಲು ಸಹಾಯ ಬೇಕು. ಯಂತ್ರದ ಕೋಣೆಯ ಬಾಗಿಲಿಗೆ ಬಳಗದ ಹೆಸರಿನ ಹಿತ್ತಾಳೆ ಫಲಕ ಹಾಕುತ್ತಾರಂತೆ. ಇನ್ನೊಂದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮನದು. ಆಕೆ ಸಭೆಗೆ ತಾನೇ ಬಂದಿದ್ದಳು.

"ಮಕ್ಕಳಲ್ಲಿ ಎಷ್ಟೋ ಸಲ ಹೊಟ್ಟೆನೋವು ಜೋರಾಗೋಕೆ ಮೊದಲೇ ಬೆಳವಣಿಗೆ ನಿಲ್ಲುತ್ತೆ" ಎಂದಳು. "ಎತ್ತರ ಏರಲ್ಲ, ತೂಕ ಇಳಿಯುತ್ತೆ. ವರ್ಷಕ್ಕೆರಡು ಸಲ ಶಾಲೆಗೇ ಹೋಗಿ ಅಳತೆ ತಗೊಂಡು, ಯಾರ ಬೆಳವಣಿಗೆ ನಿಂತಿದೆಯೋ ಆ ಮಕ್ಕಳಿಗೆ ಒಂದು ಸುಲಭದ ಮಲಪರೀಕ್ಷೆ ಮಾಡ್ಸಿದ್ರೆ, ಕಾಯಿಲೆ ಎಷ್ಟು ಬೇಗ ಸಿಗುತ್ತೆ ಅಂತ ನೋಡ್ಬೇಕು. ಇಷ್ಟೇ ನನ್ನ ಅಧ್ಯಯನ."

ಟೇಪಣ್ಣನ ಕೈ ತಾನಾಗಿ ಕುತ್ತಿಗೆಯ ಟೇಪಿಗೆ ಹೋಯಿತು.

ಬಳಗದ ಅಧ್ಯಕ್ಷರು ಒಬ್ಬ ನಿವೃತ್ತ ಮೇಷ್ಟ್ರು. ಹೆಂಡತಿಗೆ ಇದೇ ಕಾಯಿಲೆ. ಮನುಷ್ಯ ಅಪ್ಪಟ ಬಂಗಾರ, ಆದರೆ ಮಾತು ಶುರುಮಾಡಿದರೆ ಗಂಟೆ ಹೊಡೆಯುವವರೆಗೆ ನಿಲ್ಲಿಸುವ ಅಭ್ಯಾಸವಿಲ್ಲ. ಅವರಿಗೆ ಯಂತ್ರವೇ ಸರಿ ಎನ್ನಿಸಿತ್ತು. "ನೋಡಮ್ಮ, ಕೊಟ್ಟವರಿಗೆ ಕಣ್ಣಿಗೆ ಕಾಣೋದೇನಾದ್ರೂ ಬೇಕು. ಯಂತ್ರ ಅಂದ್ರೆ ಹೋಗಿ ಮುಟ್ಟಿ ನೋಡ್ಬಹುದು. ನೀನು ಕೇಳ್ತಿರೋದು ಒಂದು ಟೇಪು, ಒಂದು ತಕ್ಕಡಿ. ಹೆತ್ತವರ ಕಣ್ಣಿಗೇ ಬೀಳದೇ ಇದ್ದದ್ದು ಟೇಪಿಗೆ ಬೀಳುತ್ತಾ? ಹಾಗೆ ಬಿದ್ದಿದೆ ಅನ್ನೋಕೆ ನಮ್ಮೂರ ಮಕ್ಕಳ ಹಳೇ ಅಳತೆ ಏನಾದ್ರೂ ಇದೆಯಾ?"

ಡಾಕ್ಟರಮ್ಮ ಪ್ರಾಮಾಣಿಕಳು. "ಇಲ್ಲ ಸರ್. ಬೇರೆ ಕಡೆಯ ಅಧ್ಯಯನಗಳಿವೆ. ಇಲ್ಲಿನ ಹಳೇ ಅಳತೆ ನನ್ನ ಹತ್ರ ಇಲ್ಲ" ಎಂದು ಮುಖ ಸಣ್ಣದು ಮಾಡಿಕೊಂಡಳು.

ಸಭೆ ತಲೆಯಾಡಿಸಿತು. ಮೂರನೆಯ ಸಾಲಿನಲ್ಲಿ ಟೇಪಣ್ಣ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದ. ಪಕ್ಕದಲ್ಲಿ ಮಗಳು ಸಭೆಯ ಟಿಪ್ಪಣಿ ಬರೆಯುತ್ತಿದ್ದಳು. ಮುಂದಿನ ಭಾನುವಾರ ಮತ್ತೆ ಸೇರಿ ಕೈಯೆತ್ತುವುದೆಂದು ತೀರ್ಮಾನವಾಯಿತು.

ಆ ಒಂದು ವಾರ ಟೇಪಣ್ಣ ಅಂಗಡಿಯಲ್ಲಿ ಮಾಡಿದ ಅನಾಹುತ ಒಂದೆರಡಲ್ಲ. ಒಬ್ಬರ ಪ್ಯಾಂಟಿಗೆ ಎರಡೂ ಎಡಗಾಲೇ ಕತ್ತರಿಸಿದ. ಬ್ಯಾಂಕಿನ ಗುಮಾಸ್ತನ ಅಂಗಿಗೆ ಶಾಲೆಯ ಲಾಂಛನ ಹಚ್ಚಿದ. ಹೊತ್ತು ಸಿಕ್ಕಾಗಲೆಲ್ಲ ತುಂಡುಬಟ್ಟೆಯ ಪೆಟ್ಟಿಗೆಗೆ ಕೈ ಹಾಕುವುದು, ತೆಗೆಯುವುದು. ಹೇಳಿದರೆ ಮಗಳ ಮುಂದೆ ಹೇಳಬೇಕು. 'ನಿನ್ನ ಕರುಳು ಕತ್ತರಿಸುವುದಕ್ಕೆ ಒಂದು ವರ್ಷ ಮೊದಲೇ ನನಗೆ ಕಂಡಿತ್ತು, ನಾನು ಟೇಪಿಗೆ ಬೈದು ಸುಮ್ಮನಾದೆ' ಎಂದು ಯಾವ ಬಾಯಿಂದ ಹೇಳುವುದು? ಅವಳು ಮುಖ ತಿರುಗಿಸಿದರೆ ಆತನಿಗೆ ಈ ಲೋಕದಲ್ಲಿ ಇನ್ನೇನು ಉಳಿಯಿತು?

ಶುಕ್ರವಾರ ಮಧ್ಯಾಹ್ನ ಹೆಂಡತಿ ಸೂಜಿ ಕೆಳಗಿಟ್ಟಳು. "ರೀ, ಆ ಪೆಟ್ಟಿಗೇಲಿ ಏನು ಬಚ್ಚಿಟ್ಟಿದ್ದೀರಿ? ಇಲಿ ಓಡಾಡಿದ ಹಾಗೆ ಓಡಾಡ್ತಿದ್ದೀರಲ್ಲ."

ಟೇಪಣ್ಣ ಪುಸ್ತಕ ತೆಗೆದು ಕೊಟ್ಟ. ಅವಳು 'ಬಂಗಾರ'ದ ಪುಟ ನೋಡಿದಳು. ಮೂರು ಸಾಲು, ಎರಡು ಕಡೆ 'ಟೇಪು' ಎಂಬ ಪೆನ್ಸಿಲ್ ಬರಹ. ಅವಳಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೊಕ್ಕೆ ಹಾಕಿ ಬಿಗಿ ಮಾಡಿದ್ದು ನಾನು. ನನಗೂ ಹೊಳೀಲಿಲ್ಲವಲ್ಲಾ" ಎಂದಳು. ಮತ್ತೆ ದನಿ ಗಟ್ಟಿ ಮಾಡಿಕೊಂಡು, "ಭಾನುವಾರ ಹೋಗಿ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ. ನಾನು ಹೇಳಿದ್ರೆ ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ಲ" ಎಂದಳು. ಅದು ಟೇಪಣ್ಣನಿಗೆ ಚೆನ್ನಾಗಿಯೇ ಗೊತ್ತಿತ್ತು.

ಭಾನುವಾರ ಆತ ಪುಸ್ತಕವನ್ನು ನೀಲಿಗೆರೆಯ ಚೀಲದಲ್ಲಿ ಹಾಕಿಕೊಂಡು ಮಹಡಿ ಹತ್ತಿದ. ಮೇಷ್ಟ್ರು, "ಯಾರಾದ್ರೂ ಏನಾದ್ರೂ ಹೇಳೋದಿದ್ರೆ…" ಎಂದು ವಾಡಿಕೆಯಂತೆ ಕೇಳಿ, ಯಾರೂ ಹೇಳುವುದಿಲ್ಲವೆಂಬ ಭರವಸೆಯಲ್ಲಿ ಮುಂದಿನ ಮಾತಿಗೆ ಬಾಯಿ ತೆರೆದಿದ್ದರು. ಟೇಪಣ್ಣ ಎದ್ದು ನಿಂತ. ಸಭೆಗೆ ಸಭೆಯೇ ಆತನನ್ನು ನೋಡಿತು. ಎಂಟು ವರ್ಷದಲ್ಲಿ ಆತನ ದನಿ ಅಲ್ಲಿ ಕೇಳಿದ್ದು ಚಹಾಕ್ಕೆ ಸಕ್ಕರೆ ಸಾಕು ಎಂದಾಗ ಮಾತ್ರ.

"ಮೇಷ್ಟ್ರೇ, ನೀವು ಹೋದ ವಾರ ಕೇಳಿದ್ರಿ, ಹಳೇ ಅಳತೆ ಇದೆಯಾ ಅಂತ. ನನ್ನ ಹತ್ರ ಇದೆ. ಇಪ್ಪತ್ತೆರಡು ವರ್ಷದ್ದು, ಎದುರು ಬೀದಿ ಶಾಲೆಯ ಮಕ್ಕಳದ್ದು, ವರ್ಷಕ್ಕೆ ಎರಡೆರಡು ಸಲದ್ದು."

ಡಾಕ್ಟರಮ್ಮ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. "ಹೆಸರುಗಳ ಸಮೇತವಾ? ಹಾಗಿದ್ರೆ ಒಬ್ಬೊಬ್ಬರ ಮನೆಯವರ ಒಪ್ಪಿಗೆ ಕೇಳ್ಬೇಕಾಗುತ್ತೆ."

"ಹೆಸರಿಲ್ಲಮ್ಮ. ಅಡ್ಡಹೆಸರು. ಯಾರು ಯಾರು ಅಂತ ನನಗೊಬ್ಬನಿಗೇ ಗೊತ್ತು."

"ಹೌದಾ!" ಎಂದರು ಮೇಷ್ಟ್ರು ತಡೆಯಲಾರದೆ. ಅವರ ಪ್ಯಾಂಟುಗಳೂ ಅಲ್ಲಿಯೇ ಹೊಲಿಯುವುದು. "ನನಗೇನಂತ ಬರ್ದಿದ್ದೀಯಪ್ಪಾ?"

"ಅದು ಬೇಡ ಬಿಡಿ ಮೇಷ್ಟ್ರೇ."

ಸಭೆ ನಕ್ಕಿತು. ಟೇಪಣ್ಣ ನಗಲಿಲ್ಲ. ಚೀಲದಿಂದ ಪುಸ್ತಕ ತೆಗೆದ. 'ಬಂಗಾರ'ದ ಪುಟ ತೆರೆದ. "ಇನ್ನೊಂದು ಕೇಳಿದ್ರಿ. ಹೆತ್ತವರಿಗೆ ಕಾಣದ್ದು ಟೇಪಿಗೆ ಕಾಣುತ್ತಾ ಅಂತ. ಕಾಣುತ್ತೆ. ನನ್ನ ಟೇಪಿಗೆ ಕಂಡಿತ್ತು. ನನ್ನ ಮಗಳ ಸೊಂಟ ಇಪ್ಪತ್ತನಾಲ್ಕು ಇದ್ದದ್ದು ಇಪ್ಪತ್ತಮೂರಾಯ್ತು, ಇಪ್ಪತ್ತೊಂದೂವರೆ ಆಯ್ತು. ಅವಳು ಬೀಳೋಕೆ ಒಂದು ವರ್ಷ ಮೊದಲಿಂದ ಇಲ್ಲಿ ಬರ್ದಿದೆ. ನಾನು ಟೇಪು ಹಿಗ್ಗಿದೆ ಅಂದೆ. ಟೇಪು ಹಿಗ್ಗಿರಲಿಲ್ಲ. ಸ್ಕೇಲಿಗೆ ಹಿಡಿದು ನೋಡೋಕೆ ನನಗೆ ಧೈರ್ಯ ಬರ್ಲಿಲ್ಲ, ಅಷ್ಟೇ. ಆಮೇಲೆ ಹೇಳೋಕೂ ಧೈರ್ಯ ಬರ್ಲಿಲ್ಲ."

ಇಷ್ಟನ್ನು ಆತ ಪುಸ್ತಕಕ್ಕೇ ಹೇಳಿದ. ಹೇಳಿ ಮುಗಿಸಿ ತಲೆಯೆತ್ತಿ ಪಕ್ಕಕ್ಕೆ ನೋಡುವಷ್ಟರಲ್ಲಿ ಮಗಳ ಕುರ್ಚಿ ಖಾಲಿಯಾಗಿತ್ತು. ಟಿಪ್ಪಣಿಯ ಪುಸ್ತಕ ತೆರೆದೇ ಇತ್ತು, ಪೆನ್ನು ನೆಲಕ್ಕೆ ಬಿದ್ದಿತ್ತು. ಬಾಗಿಲು ಅಲ್ಲಾಡುತ್ತಿತ್ತು.

ಬಳಗದ ಪದ್ಧತಿಯಂತೆ ಯಾರೂ ತಿರುಗಿ ನೋಡಲಿಲ್ಲ. ಯಾರೋ ಅವಳ ಲೋಟದ ಮೇಲೆ ತಟ್ಟೆ ಮುಚ್ಚಿದರು. ಆದರೆ ಅವಳು ಹೋದದ್ದು ನಾಲ್ಕು ಶೌಚಾಲಯಗಳ ಕಡೆಗಲ್ಲ, ಮೆಟ್ಟಿಲಿನ ಕಡೆಗೆ ಎಂದು ಟೇಪಣ್ಣನಿಗೆ ಸದ್ದಿನಲ್ಲೇ ತಿಳಿಯಿತು. ಮೇಷ್ಟ್ರು ಏನೋ ಹೇಳುತ್ತಿದ್ದರು, ಕೈಗಳು ಏಳುತ್ತಿದ್ದವು. ಆತ ಯಾವುದನ್ನೂ ಕೇಳಿಸಿಕೊಳ್ಳದೆ ಹೊರಗೆ ಹೋದ.

ಅವಳು ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ಟೇಪಣ್ಣ ಎರಡು ಮೆಟ್ಟಿಲು ಮೇಲೆಯೇ ನಿಂತ.

"ಎಂಟು ವರ್ಷ ಅಪ್ಪಾ" ಎಂದಳು. "ಎಂಟು ವರ್ಷ ನಿನ್ನ ಹೊಟ್ಟೇಲಿ ಇಟ್ಕೊಂಡು ಕೂತಿದ್ದೆಯಲ್ಲ. ನಾನೇನು ಹುಲಿಯಾ ಕರಡಿಯಾ?"

"ಬೈಯಮ್ಮ. ಎಷ್ಟು ಬೇಕೋ ಅಷ್ಟು ಬೈ."

"ಬೈತೀನಿ. ಆದ್ರೆ ಟೇಪಿಗಲ್ಲ, ಬಚ್ಚಿಟ್ಟಿದ್ದಕ್ಕೆ ಬೈತೀನಿ." ಮೂಗೊರೆಸಿಕೊಂಡಳು. ಆಮೇಲೆ ದನಿ ಇಳಿಸಿ, "ಆ ಪುಸ್ತಕದಲ್ಲಿರೋ ಅಳತೆ ತಪ್ಪು, ಗೊತ್ತಾ?" ಎಂದಳು.

ಟೇಪಣ್ಣ ಪಿಳಿಪಿಳಿ ಕಣ್ಣು ಬಿಟ್ಟ.

"ನೀನು ಅಳೆಯೋವಾಗ ನಾನು ಉಸಿರೆಳ್ಕೊಂಡು ಹೊಟ್ಟೆ ಉಬ್ಬಿಸಿ ನಿಲ್ತಿದ್ದೆ. ಲಂಗದ ಒಳಗೆ ನಾಲ್ಕು ಪಿನ್ನು ಚುಚ್ಕೊಂಡು ಶಾಲೆಗೆ ಹೋಗ್ತಿದ್ದೆ. ರಕ್ತ ಹೋಗ್ತಿತ್ತು ಅಪ್ಪಾ, ನಿಮಗೆ ಹೇಳಿರ್ಲಿಲ್ಲ. ಹೇಗೆ ಹೇಳೋದು, ನಾಚಿಕೆ ಆಗ್ತಿತ್ತು. ಹೇಳಿದ್ರೆ ದೊಡ್ಡ ಕಾಯಿಲೆ ಅಂದ್ಬಿಡ್ತಾರೆ ಅಂತ ಭಯ. ಇಪ್ಪತ್ತೊಂದೂವರೆ ಎಲ್ಲಿಂದ ಬರ್ಬೇಕು? ಉಸಿರು ಬಿಟ್ಟಿದ್ರೆ ಇಪ್ಪತ್ತೂ ಇರ್ತಿರ್ಲಿಲ್ಲ." ಅವಳು ಮೆಟ್ಟಿಲ ಅಂಚನ್ನು ಉಗುರಿನಿಂದ ಕೆರೆದಳು. "ನನ್ನಿಂದಾನೇ ಕರುಳು ಹೋಯ್ತು ಅಂತ ನಾನೂ ಯಾರಿಗೂ ಹೇಳಿರ್ಲಿಲ್ಲ."

ಟೇಪಣ್ಣ ಆ ಎರಡು ಮೆಟ್ಟಿಲು ಹೇಗೆ ಇಳಿದನೋ ಗೊತ್ತಿಲ್ಲ. ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಎಳೆ ಮಗುವಿನ ಹಾಗೆ ಅತ್ತ. "ನೀನು ಮಗು ಕಣೇ. ಹದಿಮೂರು ವರ್ಷದ ಮಗು. ನಿನ್ನದೇನೂ ತಪ್ಪಿಲ್ಲ ಕಣೇ" ಎಂದು ಅದನ್ನೇ ನಾಲ್ಕು ಸಲ ಹೇಳಿದ. ಅವಳು ಆತನ ಕುತ್ತಿಗೆಯ ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡಳು.

ಮೇಲಿನಿಂದ ಮೇಷ್ಟ್ರ ತಲೆ ಇಣುಕಿತು. "ಡಾಕ್ಟರಮ್ಮನ ಕಡೆಗೇ ಆಯ್ತಪ್ಪಾ! ನಾನೂ ಅದಕ್ಕೇ ಎತ್ತಿದೆ. ಯಂತ್ರ ಮುಂದಿನ ವರ್ಷ ನೋಡೋಣ." ಒಂದು ಗಳಿಗೆ ತಡೆದು, "ಆದ್ರೂ ನನಗೇನಂತ ಬರ್ದಿದ್ದೀಯ ಅಂತ…" ಎಂದರು.

"'ಮುಗಿಯದ ಪಾಠ' ಅಂತ" ಎಂದು ಮಗಳು ಕೆಳಗಿನಿಂದಲೇ ಕೂಗಿದಳು. ಚಿಕ್ಕಂದಿನಲ್ಲಿ ಕದ್ದು ಓದಿದ್ದಳು. ಮೇಷ್ಟ್ರ ತಲೆ ಒಳಗೆ ಹೋಯಿತು.

ಅಧ್ಯಯನ ಶುರುವಾಗಲು ಐದು ತಿಂಗಳು ಹಿಡಿಯಿತು. ಅಪ್ಪನಿಗೆ ಮಗಳು ವಿಧಿಸಿದ ಶಿಕ್ಷೆ ಒಂದೇ: ಶಾಲೆಗೆ ಬಂದು ಸೊಂಟದ ಅಳತೆ ನೀನೇ ತೆಗೆಯಬೇಕು. ಡಾಕ್ಟರಮ್ಮ ಆತನ ಹಳೆಯ ಪುಸ್ತಕಗಳನ್ನು ಕೂತು ಓದಿದಳು, ಓದಿ ಓದಿ ನಕ್ಕಳು, ಆಮೇಲೆ ಮಕ್ಕಳ ಅಳತೆ ತೆಗೆಯುವವರಿಗೆಲ್ಲ ಒಂದು ಹಾಳೆಯ ಸೂಚನೆ ಬರೆದಳು. ಅದರ ಮೊದಲನೆಯ ಸಾಲು ಟೇಪಣ್ಣ ಹೇಳಿದ್ದು: ಪ್ರತಿ ದಿನ ಅಳತೆಗೆ ಮೊದಲು ಟೇಪನ್ನು ಉಕ್ಕಿನ ಸ್ಕೇಲಿಗೆ ಹಿಡಿದು ನೋಡಬೇಕು. ಎರಡನೆಯದು ಮಗಳು ಹೇಳಿದ್ದು: ಮಗು ಉಸಿರು ಬಿಟ್ಟ ಮೇಲೆಯೇ ಓದಬೇಕು.

ಎರಡನೆಯ ಸುತ್ತಿನ ಅಳತೆಯ ದಿನ ಎದುರು ಬೀದಿಯ ಶಾಲೆಯಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗಿ ಟೇಪಣ್ಣನ ಮುಂದೆ ನಿಂತಳು. ಜಡೆ ಬಿಗಿಯಾಗಿ ಹೆಣೆದಿತ್ತು, ಮುಖ ಬಿಳಿಚಿಕೊಂಡಿತ್ತು. ಆತ ಟೇಪು ಸುತ್ತಿದ. ಹೊಟ್ಟೆ ಗಟ್ಟಿಯಾಗಿ ಮುಂದೆ ಬಂದಿತ್ತು.

"ಉಸಿರು ಬಿಡು ಪುಟ್ಟಿ" ಎಂದ.

"ಬಿಟ್ಟಿದ್ದೀನಿ."

"ಇಲ್ಲ ಕಣಮ್ಮ. ನನಗೆ ಗೊತ್ತಾಗುತ್ತೆ. ಬಿಡು, ಯಾರೂ ಬೈಯಲ್ಲ."

ಹುಡುಗಿ ಆತನನ್ನೇ ನೋಡಿದಳು. ಮೆಲ್ಲಗೆ ಉಸಿರು ಬಿಟ್ಟಳು. ಟೇಪು ಆತನ ಬೆರಳ ನಡುವೆ ಜಾರಿ ಜಾರಿ ಒಳಗೆ ಹೋಯಿತು. ಹೋದ ಸುತ್ತಿಗಿಂತ ಒಂದೂಮುಕ್ಕಾಲು ಇಂಚು ಕಡಿಮೆ. ತೂಕವೂ ಇಳಿದಿತ್ತು, ಎತ್ತರ ಇದ್ದಲ್ಲೇ ಇತ್ತು. ಮಗಳು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಎದ್ದು ಬಂದು ಹುಡುಗಿಯ ಪಕ್ಕದಲ್ಲಿ ಕೂತಳು. ಗುಟ್ಟು ಹೇಳುವವಳಂತೆ ಬಗ್ಗಿ, "ಈ ಶಾಲೇಲಿ ಯಾವ ಶೌಚಾಲಯಕ್ಕೆ ಚಿಲಕ ಸರಿಯಾಗಿದೆ?" ಎಂದು ಕೇಳಿದಳು.

"ಹಿಂದಿನದಕ್ಕೆ, ನೀರಿನ ಟ್ಯಾಂಕಿನ ಪಕ್ಕದ್ದಕ್ಕೆ" ಎಂದಳು ಹುಡುಗಿ ತಟ್ಟನೆ. ಎಂದವಳೇ ಅಳತೊಡಗಿದಳು.

ಮರುದಿನ ಹುಡುಗಿಯ ಅಪ್ಪ ಶಾಲೆಗೆ ಬಂದರು. ಮೈಯೆಲ್ಲ ಬಣ್ಣದ ಕಲೆ. ಮನೆಗಳಿಗೆ ಬಣ್ಣ ಹೊಡೆಯುವವರು, ಕೆಲಸ ಅರ್ಧಕ್ಕೇ ಬಿಟ್ಟು ಓಡಿಬಂದಿದ್ದರು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿ ತಲೆ ಅಡ್ಡಡ್ಡ ಆಡಿಸಿದರು. "ಇಲ್ಲ ಮೇಡಂ, ನನ್ನ ಮಗಳಿಗೇನೂ ಆಗಿಲ್ಲ. ಸ್ವಲ್ಪ ತೆಳ್ಳಗಿದ್ದಾಳೆ, ಅಷ್ಟೇ. ಎಲ್ಲೋ ಅಳತೆ ತಪ್ಪಿರ್ಬೇಕು." ಟೇಪಣ್ಣನ ಕುತ್ತಿಗೆಯ ಕಡೆ ಕೈ ತೋರಿಸಿದರು. "ಆ ಟೇಪೇ ಹಳೇದಿರ್ಬೇಕು, ನೋಡಿ."

ಟೇಪಣ್ಣನ ಮಗಳು ತನ್ನ ಅಪ್ಪನ ಮುಖ ನೋಡಿದಳು.

ಟೇಪಣ್ಣ ಟೇಪನ್ನು ಕುತ್ತಿಗೆಯಿಂದ ಇಳಿಸಿದ. ಅಂಗಡಿಯ ಮೇಜಿನಿಂದ ಮೊಳೆ ಕಿತ್ತು ತಂದಿದ್ದ ಉಕ್ಕಿನ ಸ್ಕೇಲನ್ನು ನೀಲಿಗೆರೆಯ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, ಟೇಪನ್ನು ಅದರ ಪಕ್ಕಕ್ಕೆ ನೀವಿ ಹಾಸಿದ. ಆ ಮನುಷ್ಯನ ಬಣ್ಣ ಮೆತ್ತಿದ ಕೈ ಹಿಡಿದು ಹತ್ತಿರ ಕರೆದು, ಅವರ ಬೆರಳನ್ನೇ ಗೆರೆಯಿಂದ ಗೆರೆಗೆ ನಡೆಸಿದ. ಒಂದು, ಎರಡು, ಮೂರು. ಹನ್ನೆರಡರವರೆಗೂ ನಡೆಸಿದ.

"ಟೇಪು ಸರಿಯಾಗಿದೆ ಸ್ವಾಮಿ" ಎಂದ. "ನನ್ನ ಮಗಳದ್ದು ತಡವಾಗಿತ್ತು. ನಿಮ್ಮ ಮಗಳದ್ದು ಬೇಗ ಸಿಕ್ಕಿದೆ. ಇವತ್ತೇ ಕರ್ಕೊಂಡು ಹೋಗೋಣ. ನಾನೂ ಬರ್ತೀನಿ."